ಕೆಸರಿಲ್ಲದ ಬೂಟು

ಗುನ್‌ವೋರ್ ಕೂತದ್ದನ್ನು ಕಂಡವರು ನಮ್ಮ ಬೀದಿಯಲ್ಲಿ ಹೆಚ್ಚಿಲ್ಲ. ಕಾಫಿಯನ್ನೂ ಅವಳು ನಿಂತೇ ಕುಡಿಯುತ್ತಾಳೆ, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಹೂಕುಂಡದ ಒಣ ಎಲೆ ಕೀಳುತ್ತ. ಮದುವೆಯ ದಿನ ಪಾದ್ರಿ ಉಪದೇಶ ಮಾಡುತ್ತಿದ್ದರೆ ಇವಳು ಮದುಮಗನ ಕೋಟಿಗಂಟಿದ್ದ ನೂಲು ಹೆಕ್ಕುತ್ತಿದ್ದಳಂತೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಗಂಡ ಓಸ್ಮುಂಡ್ ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದ, ಹೇಳಿ ನಗುತ್ತಿದ್ದ. ಆ ನಗು ನಿಂತ ವರ್ಷದ ಕತೆ ಇದು.

ಆಗ ಅವಳಿಗೆ ಐವತ್ತೊಂದು. ಬೆರ್ಗೆನ್ ನಗರಸಭೆಯ ಮನೆಸೇವೆಯಲ್ಲಿ ಕೆಲಸ. ಒಂಟಿ ಮುದುಕ ಮುದುಕಿಯರ ಮನೆಗೆ ಹೋಗಿ ಮಾತ್ರೆ ಕೊಡುವುದು, ಕಾಲುಚೀಲ ಹಾಕುವುದು, ಬ್ರೆಡ್ಡಿಗೆ ಬೆಣ್ಣೆ ಹಚ್ಚಿಡುವುದು, ಎರಡು ಮಾತಾಡಿ ಬರುವುದು. ಒಂದು ಪಾಳಿಗೆ ಹತ್ತು ಮನೆ. ಎರಡು ಮಾತಿನ ಜಾಗದಲ್ಲಿ ಗುನ್‌ವೋರ್ ಇಪ್ಪತ್ತು ಆಡುತ್ತಿದ್ದಳು, ಆಡುತ್ತಲೇ ಅವರ ಕಿಟಕಿಯನ್ನೂ ಒರೆಸಿಬಿಡುತ್ತಿದ್ದಳು. "ಮಳೆ ಅಂತ ಒಳಗೆ ಕೂತರೆ ಮನುಷ್ಯ ಬೂಷ್ಟು ಹಿಡೀತಾನೆ. ಹವೆ ಕೆಟ್ಟದ್ದು ಅಂತ ಇರಲ್ಲ, ಹಾಕ್ಕೊಂಡ ಬಟ್ಟೆ ಕೆಟ್ಟದ್ದಿರತ್ತೆ ಅಷ್ಟೇ," ಎಂದು ತೊಂಬತ್ತು ದಾಟಿದವರನ್ನೂ ಗದರಿಸಿ ವರಾಂಡಕ್ಕೆ ಎಬ್ಬಿಸುತ್ತಿದ್ದಳು. ಅವರು ಗೊಣಗಿಕೊಂಡೇ ಎದ್ದು ನಿಲ್ಲುತ್ತಿದ್ದರು.

ಈ ಚಡಪಡಿಕೆಗೆ ಒಂದು ಬೇರಿತ್ತು. ಅವಳು ಹುಟ್ಟಿದ್ದು ಪಶ್ಚಿಮದ ಒಂದು ಪುಟ್ಟ ದ್ವೀಪದಲ್ಲಿ, ಮೀನುಗಾರನ ಮನೆಯಲ್ಲಿ. ಒಂಬತ್ತು ವರ್ಷದವಳಿದ್ದಾಗ ಅವಳ ತಾಯಿ ಒಂದು ಚಳಿಗಾಲವಿಡೀ ಗೋಡೆಯತ್ತ ಮುಖ ಮಾಡಿ ಮಲಗಿಬಿಟ್ಟಳು. ಅದಕ್ಕೆ ಯಾರೂ ಹೆಸರಿಡಲಿಲ್ಲ. "ಅಮ್ಮಂಗೆ ದಣಿವು," ಎಂದ ಅಪ್ಪ, ಅಷ್ಟೇ. ಹುಡುಗಿ ಪಾತ್ರೆ ತೊಳೆದಳು, ಮೀನು ಬೇಯಿಸಿದಳು, ಪರದೆ ಸರಿಸಿದಳು, ಕೇಳುವವರಿಲ್ಲದಿದ್ದರೂ ಹಾಡಿದಳು. ದೊಡ್ಡಮ್ಮ ದೋಣಿಯಲ್ಲಿ ಬಂದು, "ಗಾಳಿಗೆ ಕಳಿಸಿ ಅವಳನ್ನ, ನಡೆದರೆ ಎಲ್ಲ ಸರಿಹೋಗತ್ತೆ," ಎಂದು ಹೇಳಿ ಹೋದಳು. ದಿನಾ ಹೊರಗೆ ಕಳಿಸತೊಡಗಿದರು. ಒಂದು ದಿನ ಅಮ್ಮ ಸೊಂಟದವರೆಗೆ ತೊಯ್ದ ಲಂಗದಲ್ಲಿ ತಿರುಗಿ ಬಂದಳು. ಅವತ್ತು ಮಳೆ ಬಿದ್ದಿರಲಿಲ್ಲ. ಅಪ್ಪ ಲಂಗವನ್ನು ಒಲೆಯ ಪಕ್ಕ ಹರವಿದ. ಒಣಗಿದ ಮೇಲೆ ಅದರಲ್ಲಿ ಬೆಳ್ಳಗೆ ಉಪ್ಪಿನ ಗೆರೆ ಕಂಡಿತು. ಗುನ್‌ವೋರ್ ಅದನ್ನು ಒಗೆದು ಮಡಚಿಟ್ಟಳು.

ಯಾರೂ ಕೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ವಸಂತ ಬಂದಾಗ ಅವಳಾಗಿಯೇ ಎದ್ದಳು, ಎಪ್ಪತ್ತೆಂಟರವರೆಗೆ ಬದುಕಿದಳು, ಆ ಲಂಗದ ಮಾತು ಮಾತ್ರ ಆ ಮನೆಯಲ್ಲಿ ಬರಲೇ ಇಲ್ಲ. ತಾನು ಓಡಾಡಿದ್ದಕ್ಕೇ ಅಮ್ಮ ಎದ್ದಳು ಎಂದು ಹುಡುಗಿ ನಂಬಿಕೊಂಡಳು. ತಾನು ನಿಂತರೆ ಮನೆಯಲ್ಲಿ ಯಾರಾದರೂ ಬೀಳುತ್ತಾರೆ ಎಂಬ ಭಯ ಅವತ್ತು ಒಳಗೆ ಸೇರಿದ್ದು ಮತ್ತೆ ಹೊರಬೀಳಲಿಲ್ಲ.

ಎರಡು ಸಾವಿರದ ಇಪ್ಪತ್ತರ ಮಾರ್ಚ್ ಹನ್ನೆರಡಕ್ಕೆ, ಸಾಂಕ್ರಾಮಿಕಕ್ಕೆ ಹೆದರಿ, ದೇಶ ಬಾಗಿಲು ಹಾಕಿತು. ಓಸ್ಮುಂಡ್ ಬಂದರಿನ ಹತ್ತಿರದ ಒಂದು ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಅಡುಗೆಯವ. ಹತ್ತೊಂಬತ್ತು ವರ್ಷ ನಾಲ್ಕೂವರೆಗೆ ಎದ್ದು ಮುನ್ನೂರು ಮೊಟ್ಟೆ ಒಡೆದವನು. ಮುಂದೆ ತಿಳಿಸುವವರೆಗೆ ಕೆಲಸವಿಲ್ಲ ಎಂದು ಹೋಟೆಲಿನಿಂದ ಫೋನಿಗೆ ಒಂದು ಸಂದೇಶ ಬಂತು. ಮರುದಿನವೂ ಅವನು ನಾಲ್ಕೂವರೆಗೇ ಎದ್ದ, ಬಟ್ಟೆ ಹಾಕಿಕೊಂಡ, ಅಡುಗೆಮನೆಯಲ್ಲಿ ಒಂದೇ ಒಂದು ಮೊಟ್ಟೆ ಬೇಯಿಸಿ ಅದನ್ನೇ ನೋಡುತ್ತ ನಿಂತ. ಎರಡನೆಯ ವಾರಕ್ಕೆ ಹತ್ತಾದರೂ ಏಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದ.

ಗುನ್‌ವೋರಳ ಎದೆ ಧಸಕ್ಕೆಂದಿತು. ಆದರೆ ಎದೆಗೆ ಕಿವಿಗೊಡುವ ಹೆಂಗಸಲ್ಲ ಅವಳು. ಅಂದೇ ಒಂದು ಹಾಳೆ ತೆಗೆದು ಅಳತೆಗೋಲಿನಿಂದ ಗೆರೆ ಎಳೆದು ಪಟ್ಟಿ ಬರೆದಳು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಏಳೂವರೆಗೆ ಏಳುವುದು. ಎಂಟಕ್ಕೆ ಮೂವರೂ ಒಟ್ಟಿಗೆ ತಿಂಡಿ. ಹನ್ನೊಂದಕ್ಕೆ ಅಪ್ಪ ಗುಡ್ಡಕ್ಕೆ. ನಾಲ್ಕಕ್ಕೆ ಮಗಳು ಸುನ್ನಿವಾ ಕೇಕು ಮಾಡುವುದು. ಶುಕ್ರವಾರ ರಾತ್ರಿಯೂಟಕ್ಕೆ ಟಾಕೋ ರೊಟ್ಟಿ. ಭಾನುವಾರ ಐದರಿಂದ ಆರು ಮನಸ್ಸಿನ ಮಾತು: ಒಬ್ಬೊಬ್ಬರೂ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಹೇಳಬೇಕು.

ಮೊದಲ ಭಾನುವಾರ ಓಸ್ಮುಂಡ್, "ಒಳ್ಳೇದು, ಮಳೆ ನಿಂತಿದೆ. ಕೆಟ್ಟದ್ದು, ಮತ್ತೆ ಬರತ್ತೆ," ಎಂದ.

ಸುನ್ನಿವಾಗೆ ಹದಿನೈದು. ಶಾಲೆಯೆಲ್ಲ ಕಂಪ್ಯೂಟರಿನೊಳಗೆ ಸೇರಿಹೋಗಿ, ಗೆಳತಿಯರ ಮುಖ ಕಾಣದೆ, ಅವಳೂ ಬಾಡಿಹೋಗಿದ್ದಳು. "ನಂದೊಂದೇ. ಕೆಟ್ಟದ್ದು, ಈ ಪಟ್ಟಿ," ಎಂದಳು.

"ತಮಾಷೆ ಸಾಕು ಸುನ್ನಿವಾ. ಎಲ್ಲರೂ ಗಟ್ಟಿಯಾಗಿರಲಿ ಅಂತ ತಾನೇ ನಾನು ಒದ್ದಾಡ್ತಿರೋದು?"

"ಅದೇ ಅಮ್ಮ. ನೀನು ಒದ್ದಾಡೋದು ನೋಡೀನೇ ಸುಸ್ತಾಗತ್ತೆ."

ಗುನ್‌ವೋರ್ ಆಗಲೇ ಎದ್ದು ತಟ್ಟೆ ಎತ್ತುತ್ತಿದ್ದಳು.

ಪಟ್ಟಿಯಲ್ಲಿ ಒಂದಂತೂ ಫಲ ಕೊಟ್ಟಿತು. ಓಸ್ಮುಂಡ್ ದಿನಾ ಗುಡ್ಡಕ್ಕೆ ಹೋಗತೊಡಗಿದ. ಮನೆಯ ಹಿಂದೆಯೇ ಲೋವ್‌ಸ್ತಾಕನ್ ಗುಡ್ಡ. ಹತ್ತಿ ಇಳಿಯಲು ಎರಡು ಗಂಟೆ. ಗುನ್‌ವೋರ್ ಕೆಲಸಕ್ಕೆ ಹೊರಡುವ ಮೊದಲೇ ಬುತ್ತಿ ಕಟ್ಟಿಡುವಳು: ಕಂದು ಚೀಸಿಟ್ಟ ನಾಲ್ಕು ತುಂಡು ಬ್ರೆಡ್ಡು, ತುಂಡು ತುಂಡಿನ ನಡುವೆ ಬೆಣ್ಣೆಕಾಗದ, ಫ್ಲಾಸ್ಕಿನಲ್ಲಿ ಕಾಫಿ, ಈಸ್ಟರ್ ವಾರವಾದ್ದರಿಂದ ನಮ್ಮೂರ ವಾಡಿಕೆಯಂತೆ ಒಂದು ಕಿತ್ತಳೆ. "ಟೊಪ್ಪಿ ಹಾಕ್ಕೊಂಡ್ಯಾ?" ಎಂದು ಹನ್ನೊಂದಕ್ಕೆ ಸರಿಯಾಗಿ ಫೋನು ಮಾಡುವಳು. "ಹಾಕ್ಕೊಂಡೆ," ಎನ್ನುವನು. ಮಧ್ಯಾಹ್ನ ಅವಳು ಬರುವ ಹೊತ್ತಿಗೆ ಅವನ ಜಾಕೆಟ್ಟು ಮೊಳೆಯಲ್ಲಿ ತೊಟ್ಟಿಕ್ಕುತ್ತಿರುತ್ತಿತ್ತು, ಬೂಟು ಹಳೇ ಪೇಪರಿನ ಮೇಲೆ ಒದ್ದೆಯಾಗಿ ಕೂತಿರುತ್ತಿತ್ತು. ಗುಡ್ಡಕ್ಕೆ ಹೋಗುತ್ತೇನೆಂದು ಬುತ್ತಿ ಹಿಡಿದು ಹೊರಟ ಗಂಡಸನ್ನು ನಮ್ಮೂರಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಚರ್ಚಿಗೆ ಹೊರಟವನನ್ನಾದರೂ ಕೇಳಿಯೇವು.

ಕೆಳಮನೆಯ ಬೋರ್ಗಿಲ್ಡ್ ಮುದುಕಿ ಇಪ್ಪತ್ತು ವರ್ಷದ ನೆರೆಯವಳು, ಅಕ್ಕರೆಯವಳು. ಮೆಟ್ಟಿಲ ಬುಡದಲ್ಲಿ ಎರಡು ಮೀಟರ್ ದೂರ ನಿಂತು ಗುನ್‌ವೋರ್ ಅವಳೆದುರು ಕೊಚ್ಚಿಕೊಂಡಳು. "ನಮ್ಮವನು ಈಗ ದಿನಾ ಗುಡ್ಡ ಹತ್ತುತ್ತಾನೆ ಬೋರ್ಗಿಲ್ಡ್. ಮಳೆಯಾಗಲಿ ಆಲಿಕಲ್ಲಾಗಲಿ ತಪ್ಪಿಸಲ್ಲ. ಮನುಷ್ಯನ್ನ ಹೊರಗೆ ಹಾಕಿದರೆ ಅರ್ಧ ಕಾಯಿಲೆ ಹೋಗತ್ತೆ."

"ಹೌದಾ," ಎಂದಳು ಮುದುಕಿ. ಸ್ವಲ್ಪ ಹೊತ್ತು ತನ್ನ ಬಾಗಿಲ ಮುಂದಿನ ಕಾಲೊರೆಸುವ ಚಾಪೆಯನ್ನು ನೋಡಿದಳು. "ಒಳ್ಳೇದು ಬಿಡು, ನನ್ನ ಹುಡುಗಿ."

ಈಸ್ಟರ್ ಕಳೆದ ಮರುವಾರ, ಒಂದು ಬುಧವಾರ. ಬೆಳಗಿನಿಂದ ಜಡಿಮಳೆ. ಮೂರೂವರೆಗೆ ಗುನ್‌ವೋರ್ ಬಂದಾಗ ಓಸ್ಮುಂಡ್ ಒಳಗೆ ಮಲಗಿದ್ದ. ಒಂದು ನಿಮಿಷ ಸುಮ್ಮನಿರಲಾಗದ ಕೈ, ಗಂಡನ ಬೂಟನ್ನಾದರೂ ತಿಕ್ಕಿಡೋಣವೆಂದು ಬ್ರಷ್ಷು ಎತ್ತಿಕೊಂಡಿತು.

ಬೂಟು ತೊಯ್ದು ತೊಪ್ಪೆಯಾಗಿತ್ತು. ತಿರುಗಿಸಿ ನೋಡಿದಳು. ಅಟ್ಟೆಯ ಸಂದುಗಳಲ್ಲಿ ಒಂದು ಚೂರೂ ಕೆಸರಿಲ್ಲ. ಹುಲ್ಲೆಳೆಯಿಲ್ಲ, ಮಣ್ಣಿನ ಕಣವಿಲ್ಲ. ಏಪ್ರಿಲ್ಲಿನಲ್ಲಿ ಆ ಗುಡ್ಡ ಹತ್ತಿದವನ ಬೂಟು ಕಣಕಾಲಿನವರೆಗೆ ಕೆಸರು ತಿಂದು ಬರಬೇಕು. ಎಲ್ಲರ ಮನೆಯ ಕೊಳೆ ಓದಬಲ್ಲವಳು ತನ್ನ ಮನೆಯ ಬೂಟನ್ನು ಇಷ್ಟು ದಿನ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಕೆಸರಿಲ್ಲದ ನೀರು. ಅಂಥ ನೀರನ್ನು ಅವಳು ಹಿಂದೆ ಒಮ್ಮೆ ಕಂಡಿದ್ದಳು. ಸುತ್ತ ನೋಡಿದಳು, ಯಾರೂ ಇರಲಿಲ್ಲ. ಬೂಟಿನ ಮೇಲೆ ಬೆರಳೊತ್ತಿ, ಆ ಬೆರಳನ್ನು ನಾಲಗೆಗೆ ಮುಟ್ಟಿಸಿದಳು. ಸಾಲದೆಂದು ಬೂಟಿನ ಚರ್ಮಕ್ಕೇ ನಾಲಗೆ ಹಚ್ಚಿದಳು.

ಉಪ್ಪಿರಲಿಲ್ಲ. ಗೋಡೆಗೆ ಒರಗಿಕೊಂಡು ಉಸಿರು ಬಿಟ್ಟಳು. ಸಮುದ್ರವಲ್ಲ. ಹಾಗಾದರೆ ಮೂರು ವಾರದಿಂದ ಇವನು ಎಲ್ಲಿಗೆ ಹೋಗುತ್ತಿದ್ದಾನೆ?

ಕೇಳಬಹುದಿತ್ತು. ಹತ್ತು ಹೆಜ್ಜೆ ಆಚೆ ಮಲಗಿದ್ದ. ಆದರೆ ಬಾಯಿಂದ ಬಂದದ್ದು, "ಮೀನು ಕರೀಲಾ, ಬೇಯಿಸ್ಲಾ?" ಎಂಬ ಮಾತು. ಆ ಸಂಜೆ ಅವಳು ನೆಲವನ್ನು ಎರಡು ಸಲ ಒರೆಸಿದಳು. ಮೂರನೆಯ ಸಲ ಬಕೆಟ್ಟು ಎತ್ತಿದಾಗ ಸುನ್ನಿವಾ, "ಅಮ್ಮ, ನೆಲ ಸವೆದು ನಾವು ಬೋರ್ಗಿಲ್ಡ್ ಮನೆಗೆ ಬೀಳ್ತೀವಿ," ಎಂದಳು. ಗುನ್‌ವೋರ್ ನಗಲಿಲ್ಲ. ಮಗಳು ಅವಳ ಮುಖವನ್ನೊಮ್ಮೆ ನೋಡಿ ತನ್ನ ಕೋಣೆಗೆ ಹೋದಳು.

ಮರುದಿನ ಹನ್ನೊಂದಕ್ಕೆ ಫೋನು ಮಾಡಿದಳು. "ಟೊಪ್ಪಿ?" "ಹಾಕ್ಕೊಂಡೆ." ನಾಲ್ಕನೆಯ ಮನೆಯ ಮುದುಕನಿಗೆ ಎರಡೂ ಕಾಲುಚೀಲವನ್ನು ಒಂದೇ ಕಾಲಿಗೆ ಹಾಕಿದಳು. "ಇವತ್ತು ನಿನ್ನ ತಲೆ ಎಲ್ಲಿದೆ ಮಾರಾಯ್ತಿ?" ಎಂದು ಅವನು ಕೇಳಿದ. ಅವಳು ಹೊರಗೆ ಬಂದು, ಉಳಿದ ಮನೆಗಳಿಗೆ ಬೇರೆಯವರನ್ನು ಕಳಿಸಿ ಎಂದು ಕಚೇರಿಗೆ ತಿಳಿಸಿ, ಕಾರು ತಿರುಗಿಸಿದಳು. ಮೊದಲು ಹೋದದ್ದು ಗುಡ್ಡದ ಬುಡಕ್ಕೆ. ಅಲ್ಲಿ ಜನ ಇಳಿದು ಬರುತ್ತಿದ್ದರು, ಎಲ್ಲರ ಕಾಲೂ ಮೊಣಕಾಲವರೆಗೆ ಕೆಸರು. ಪ್ರತಿಯೊಬ್ಬರ ಮುಖ ನೋಡಿದಳು, ಬೂಟು ನೋಡಿದಳು, ಮತ್ತೆ ಮುಖ ನೋಡಿದಳು. ಮತ್ತೆ ಕಾರು ಹತ್ತಿದಳು.

ಮನೆಯ ಮುಂದೆ ಇಳಿದಾಗ ಬೋರ್ಗಿಲ್ಡ್ ಕಿಟಕಿಯಲ್ಲಿದ್ದಳು. ಗುನ್‌ವೋರ್ ಹೂಪಾತಿಯನ್ನು ತುಳಿದುಕೊಂಡೇ ಕಿಟಕಿಗೆ ಹೋದಳು.

"ಓಸ್ಮುಂಡ್‌ನ ಕಂಡ್ಯಾ?"

ಮುದುಕಿ ಕಿಟಕಿಯನ್ನು ಇನ್ನಷ್ಟು ತೆರೆದಳು. "ಕೆಳಗಿದಾನೆ."

"ಕೆಳಗೆ ಎಲ್ಲಿ?"

"ನೆಲಮಾಳಿಗೇಲಿ. ನಿಮ್ಮ ಸಾಮಾನಿನ ಗೂಡಲ್ಲಿ. ಹನ್ನೊಂದಕ್ಕೆ ಇಳೀತಾನೆ, ಒಂದೂವರೆಗೆ ಹತ್ತುತ್ತಾನೆ. ಹತ್ತೋಕೆ ಮುಂಚೆ ಒಗೆಯೋ ಕೋಣೇಲಿ ನಲ್ಲಿ ಸದ್ದು ಕೇಳತ್ತೆ. ಜಾಕೆಟ್ಟಿಗೆ ನೀರು ಹಿಡೀತಾನೆ ಅನ್ಸತ್ತೆ."

"ಎಷ್ಟು ದಿನದಿಂದ?"

"ಮೂರು ವಾರ ಆಯ್ತೇನೋ."

"ಮೂರು ವಾರ ನೋಡ್ಕೊಂಡು ಸುಮ್ಮನಿದ್ಯಾ ಬೋರ್ಗಿಲ್ಡ್? ನನ್ನ ಮುಖ ನೋಡ್ಕೊಂಡು?"

"ಅವನ ಗೂಡು, ಅವನು ಕೂರ್ತಾನೆ. ಪರರ ಮನೆ ವಿಷಯಕ್ಕೆ ಮೂಗು ತೂರಿಸಬಾರದು ಅಂತ..." ಮುದುಕಿ ಕಿಟಕಿಯ ಚಿಲಕ ಹಿಡಿದುಕೊಂಡಳು. "ನೀನು ಗುಡ್ಡದ ಮಾತು ಎಷ್ಟು ಖುಷಿಯಾಗಿ ಹೇಳ್ತಿದ್ದೆ. ಅದನ್ನ ಹೇಗೆ ಒಡೀಲಿ? ತಪ್ಪಾಯ್ತು ಕಣೆ."

ಗುನ್‌ವೋರಳಿಗೆ ಅವಳನ್ನು ಬೈಯುವ ಮುಖವಿರಲಿಲ್ಲ. ನೆಲಮಾಳಿಗೆಯ ಬಾಗಿಲು ನೂಕಿದಳು.

ಕೆಳಗೆ ಮನೆಗೊಂದರಂತೆ ಜಾಲರಿ ಬಾಗಿಲಿನ ಗೂಡುಗಳು. ಗುಂಡಿ ಒತ್ತಿದರೆ ದೀಪ ಮೂರು ನಿಮಿಷ ಉರಿದು ತಾನಾಗಿ ಆರುತ್ತದೆ. ಒತ್ತಿದಳು. ಕೊನೆಯ ಗೂಡಿನಲ್ಲಿ, ಹಿಮದ ಮೇಲೆ ಜಾರುವ ಹಲಗೆಗಳು, ಸುನ್ನಿವಾ ಕೂಸಾಗಿದ್ದಾಗಿನ ತಳ್ಳುಗಾಡಿ, ಜಾಮಿನ ಸೀಸೆಗಳ ನಡುವೆ, ಮಡಚು ಕುರ್ಚಿಯಲ್ಲಿ ಓಸ್ಮುಂಡ್ ಕೂತಿದ್ದ. ತಲೆಯ ಮೇಲೆ ಟೊಪ್ಪಿ ಇತ್ತು. ಅಷ್ಟಕ್ಕೆ ಸುಳ್ಳು ಹೇಳಿರಲಿಲ್ಲ. ಬುತ್ತಿ ತೊಡೆಯ ಮೇಲಿತ್ತು, ಬಿಚ್ಚಿರಲಿಲ್ಲ.

"ಕೆಲಸ ಇಲ್ವಾ ನಿಂಗೆ?" ಎಂದ.

"ಇದೆ."

"ಬೋರ್ಗಿಲ್ಡ್ ಹೇಳಿದ್ಲಾ?"

"ಮೊದಲು ನಿನ್ನ ಬೂಟು ಹೇಳ್ತು."

ಅವನು ಬೂಟು ನೋಡಿಕೊಂಡ. ಗುನ್‌ವೋರಳ ಬಾಯಲ್ಲಿ ಹತ್ತು ಮಾತು ಒಟ್ಟಿಗೆ ನುಗ್ಗಿ ಬಂದವು: ಇಲ್ಲಿ ಥಂಡಿ, ಮೇಲೆ ಬಾ, ಸೂಪು ಮಾಡ್ತೀನಿ, ನಾಳೆಯಿಂದ ನಾನೂ ಜೊತೆಗೆ ಬರ್ತೀನಿ. ಕೈ ಆಗಲೇ ಜಾಮಿನ ಸೀಸೆಯ ಧೂಳು ಒರೆಸುತ್ತಿತ್ತು. ಅದನ್ನು ಕಂಡು ಓಸ್ಮುಂಡ್ ಕಣ್ಣು ಮುಚ್ಚಿಕೊಂಡ. ಅವನು ಕಣ್ಣು ಮುಚ್ಚಿದ್ದು ಅವಳಿಗೆ ಕಂಡಿತು. ಕೈ ಹಿಂದಕ್ಕೆ ತೆಗೆದುಕೊಂಡಳು.

"ಗುಡ್ಡ ಯಾಕೆ ಬಿಟ್ಟೆ?" ಎಂದಳು.

"ಮೊದಲು ನಾಲ್ಕು ದಿನ ಹತ್ತಿದೆ." ತೊಡೆಯ ಮೇಲಿನ ಬುತ್ತಿಯನ್ನು ಸರಿಸಿಟ್ಟುಕೊಂಡ. "ನಾಲ್ಕನೇ ದಿನ ಮೇಲೆ, ಕಲ್ಲಿನ ಅಂಚಲ್ಲಿ ನಿಂತಿದ್ದೆ. ಕೆಳಗೆ ಹೋಟೆಲು ಕಾಣ್ತಿತ್ತು. ಕಾಲು ತಾನಾಗೇ ಮುಂದೆ ಹೋಗ್ಬಿಡತ್ತೆ ಅನ್ನಿಸ್ತು. ಹೆದರಿ ಕೂತುಬಿಟ್ಟೆ. ಹಿಂದಕ್ಕೆ ತೆವಳ್ಕೊಂಡು ಬಂದೆ ಗುನ್‌ವೋರ್, ಐವತ್ನಾಲ್ಕು ವರ್ಷದ ಗಂಡಸು. ಮಾರನೇ ದಿನ ನೀನು ಮತ್ತೆ ಬುತ್ತಿ ಕಟ್ಟಿದ್ದೆ. ಬೇಡ ಅನ್ನೋಕಾಗಲಿಲ್ಲ. ಅದಕ್ಕೇ ಇಲ್ಲಿಗೆ ಬಂದೆ. ಇಲ್ಲಿ ಬೀಳೋಕೆ ಜಾಗ ಇಲ್ಲ."

ದೀಪ ಆರಿತು.

ಬೆಣ್ಣೆ ಹಚ್ಚಿ, ಚೀಸಿಟ್ಟು, ಕಾಗದ ಮಡಚಿ, ಗುನ್‌ವೋರ್ ದಿನದಿನವೂ ಅವನನ್ನು ಅದೇ ಅಂಚಿಗೆ ಕಳಿಸುತ್ತಿದ್ದಳು. ದೊಡ್ಡಮ್ಮ ದೋಣಿಯಲ್ಲಿ ಬಂದು ಹೇಳಿದ ಮಾತನ್ನೇ ಅವಳೂ ಹೇಳಿದ್ದಳು, ಅದೇ ಗಟ್ಟಿ ದನಿಯಲ್ಲಿ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ದೀಪದ ಗುಂಡಿ ಕೈಯಳತೆಯಲ್ಲೇ ಇತ್ತು. ಅತ್ತ ಹೋದ ಕೈಯನ್ನು ಅರ್ಧದಲ್ಲೇ ತಡೆದಳು. ತಡವಿಕೊಂಡು ಹಿಮದ ಜಾರುಬಂಡಿಯೊಂದರ ಮೇಲೆ ಕೂತಳು.

ನಲವತ್ತೆರಡು ವರ್ಷದ ಹಿಂದೆ ಕೇಳಬೇಕಿದ್ದ ಪ್ರಶ್ನೆಯನ್ನು ಕತ್ತಲಲ್ಲಿ ಕೇಳಿದಳು. "ಸಾಯಬೇಕು ಅನ್ನಿಸತ್ತಾ ಓಸ್ಮುಂಡ್? ಈಗಲೂ?"

ಮಡಚು ಕುರ್ಚಿ ಕಿರುಗುಟ್ಟಿತು.

"ಕೆಲವು ದಿನ. ಇವತ್ತಿಲ್ಲ," ಎಂದ. ಆಮೇಲೆ, "ನೀನು ಇದನ್ನ ಕೇಳ್ತೀಯ ಅಂತ ದಿನಾ ಹನ್ನೊಂದಕ್ಕೆ ಕಾಯ್ತಿದ್ದೆ. ನೀನು ಟೊಪ್ಪಿ ಕೇಳ್ತಿದ್ದೆ."

ಗುನ್‌ವೋರ್ ಅತ್ತಳು. ಸದ್ದಾಗದಂತೆ ಅಳಲು ಅವಳಿಗೆ ಬರುತ್ತಿರಲಿಲ್ಲ, ಅಭ್ಯಾಸವಿರಲಿಲ್ಲ. ಅಳುತ್ತಲೇ ಅಮ್ಮನ ಲಂಗದ ಕತೆ ಹೇಳಿದಳು, ಉಪ್ಪಿನ ಗೆರೆ, ಒಲೆ, ಒಗೆದು ಮಡಚಿಟ್ಟದ್ದು ಎಲ್ಲ. ನಿನ್ನೆ ಬೂಟು ನೆಕ್ಕಿದ್ದನ್ನೂ ಹೇಳಿದಳು.

"ನೆಕ್ಕಿದ್ಯಾ?" ಎಂದ ಓಸ್ಮುಂಡ್. "ನನ್ನ ಬೂಟನ್ನಾ?" ಅವನ ಗಂಟಲಿಂದ ಒಂದು ಸದ್ದು ಬಂತು. ನಗುವೋ ಅಳುವೋ ಗೊತ್ತಾಗಲಿಲ್ಲ.

ದೀಪ ಹತ್ತಿತು. ಜಾಲರಿಯಾಚೆ ಸುನ್ನಿವಾ ನಿಂತಿದ್ದಳು, ಕೈಯಲ್ಲಿ ತನ್ನ ಲೋಟ, ಕಂಕುಳಲ್ಲಿ ದಿಂಬು. ಶಾಲೆಯ ಮಧ್ಯಾಹ್ನದ ಬಿಡುವು. ತಾಯಿಯನ್ನು ಕಂಡು ಅಲ್ಲೇ ನಿಂತುಬಿಟ್ಟಳು.

"ನಿಂಗೂ ಗೊತ್ತಿತ್ತಾ?" ಎಂದಳು ಗುನ್‌ವೋರ್.

"ಅಪ್ಪ ಇಲ್ಲಿ ಕೂರೋದು ಗೊತ್ತಿತ್ತು. ಒಂದಿನ ಅಳೋಕೆ ಅಂತ ಇಲ್ಲಿಗೆ ಬಂದೆ. ಅಪ್ಪ ಇದ್ದ. ಆಮೇಲೆ ದಿನಾ ಬಂದು ಸ್ವಲ್ಪ ಹೊತ್ತು ಕೂರ್ತೀನಿ. ನಾವೇನೂ ಮಾತಾಡಲ್ಲ."

"ನಂಗೆ ಯಾಕೆ ಹೇಳಲಿಲ್ಲ, ಚಿನ್ನ?"

"ಹೇಳಿದ್ರೆ ಅದಕ್ಕೂ ಪಟ್ಟೀಲಿ ಒಂದು ಗೆರೆ ಹಾಕ್ತಿದ್ದೆ." ಹುಡುಗಿ ದಿಂಬನ್ನು ಎದೆಗೊತ್ತಿಕೊಂಡಳು. "ಹನ್ನೆರಡಕ್ಕೆ ಅಳೋದು ಅಂತ."

ಗುನ್‌ವೋರ್ ಜರುಗಿ ಜಾರುಬಂಡಿಯ ಮೇಲೆ ಜಾಗ ಮಾಡಿದಳು. ಮಗಳು ಬಂದು ಕೂತಳು. ದೀಪ ಮತ್ತೆ ಆರಿತು, ಯಾರೂ ಏಳಲಿಲ್ಲ. ಓಸ್ಮುಂಡ್ ಬುತ್ತಿ ಬಿಚ್ಚಿದ ಸದ್ದು ಕೇಳಿಸಿತು. ಕತ್ತಲಲ್ಲೇ ಒಂದೊಂದು ತುಂಡು ಇಬ್ಬರ ಕೈಗೂ ಬಂತು.

ತಿಂದಾದ ಮೇಲೆ ಗುನ್‌ವೋರ್, "ಡಾಕ್ಟರಿಗೆ ಫೋನು ಮಾಡೋಣ್ವಾ? ಇದು ನಮ್ಮ ಮೂವರ ಕೈಲಿ ಆಗೋದಲ್ಲ," ಎಂದಳು. ಮಾಡುತ್ತೇನೆ ಎನ್ನಲಿಲ್ಲ, ಕೇಳಿದಳು.

"ಹೂಂ," ಎಂದ ಅವನು.

ಅಲ್ಲಿ ಫೋನಿಗೆ ಸಂಪರ್ಕ ಸಿಗುವುದು ಒಗೆಯುವ ಕೋಣೆಯ ಕಿಟಕಿಯ ಹತ್ತಿರ ಮಾತ್ರ. ಮೂವರೂ ಅಲ್ಲಿಗೆ ಹೋದರು. ಮನೆಯ ಡಾಕ್ಟರು ಹದಿನಾರು ವರ್ಷದಿಂದ ಒಬ್ಬರೇ. ಅವರ ಕಚೇರಿಯವರು ಸ್ವಲ್ಪ ಕಾಯಿರಿ, ಈಗಲೇ ಕೊಡುತ್ತೇವೆ ಎಂದರು. ಆ ಕಡೆಯಿಂದ ದನಿ ಬಂದೊಡನೆ ಗುನ್‌ವೋರ್, "ನನ್ನ ಗಂಡನಿಗೆ..." ಎಂದು ಶುರುಮಾಡಿದಳು. ಅಲ್ಲಿಗೇ ನಿಲ್ಲಿಸಿ ಫೋನನ್ನು ಅವನ ಕೈಗೆ ಕೊಟ್ಟಳು.

ಹೇಗಿದ್ದೀ ಎಂದು ಕೇಳಿದವರಿಗೆಲ್ಲ ಐವತ್ನಾಲ್ಕು ವರ್ಷ ಚೆನ್ನಾಗಿದ್ದೀನಿ ಎಂದೇ ಹೇಳಿದವನು ಓಸ್ಮುಂಡ್. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಾನು ಓಸ್ಮುಂಡ್," ಎಂದ. "ನಾನು ಚೆನ್ನಾಗಿಲ್ಲ."

ಆಮೇಲೆ ಅವನು ನಿಧಾನವಾಗಿ, ತಡವರಿಸಿ, ಎಲ್ಲವನ್ನೂ ಹೇಳಿದ. ಗುಡ್ಡದ ಅಂಚನ್ನೂ ಹೇಳಿದ. ಆಗ ಸುನ್ನಿವಾ ತಾಯಿಯ ತೋಳು ಬಿಗಿಯಾಗಿ ಹಿಡಿದಳು. ಒಗೆಯುವ ಯಂತ್ರದ ಪಕ್ಕದಲ್ಲಿ ಒಂದು ಬಟ್ಟೆಬುಟ್ಟಿ ಬೋರಲು ಬಿದ್ದಿತ್ತು. ನಲ್ಲಿ ಹನಿಯುತ್ತಿತ್ತು, ಕಿಟಕಿಯ ಗಾಜು ಕೊಳೆಯಾಗಿತ್ತು, ನೆಲದಲ್ಲಿ ಯಾರದೋ ಒಂಟಿ ಕಾಲುಚೀಲ ಬಿದ್ದಿತ್ತು. ಅವನ ಮಾತು ಮುಗಿಯಲು ಮೂವತ್ತೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಗುನ್‌ವೋರ್ ಆ ಬುಟ್ಟಿಯ ಮೇಲೆ, ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಕೊಂಡು, ಕೂತೇ ಇದ್ದಳು.